ಏಳು ದಿನ ನಿಲ್ಲುವ ಜೆಲ್

ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ ಎಂದು ಗೊತ್ತಾದ ಕೂಡಲೇ ಜನ ತಮ್ಮ ಮಂಡಿನೋವಿಗೆ ಮಾತ್ರೆ ಕೇಳುತ್ತಾರೆ. ಒಸಡಿನ ರೋಗಕ್ಕೆ ಜೆಲ್ ಮಾಡುತ್ತಿದ್ದೇನೆ ಎಂದರೆ, ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಹೇಳಿ ತಾವೇ ನಗುತ್ತಾರೆ. ಆ ಗಾದೆಯನ್ನು ಮದುವೆಮನೆಗಳಲ್ಲಿ, ಲಿಫ್ಟಿನಲ್ಲಿ, ಒಮ್ಮೆ ಬ್ಯಾಂಕಿನ ಕೌಂಟರಿನಲ್ಲೂ ಕೇಳಿಸಿಕೊಂಡಿದ್ದೇನೆ. ಮೊದಮೊದಲು ನಗುತ್ತಿದ್ದೆ, ಈಗ ನಗುವುದಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯವರು ಹೇಳುವುದು ಸುಳ್ಳಲ್ಲ.

ಒಸಡಿನ ರೋಗ ಬಹಳ ದಿನ ನೋವು ಕೊಡುವುದಿಲ್ಲ, ಅದೇ ಅದರ ಕೆಟ್ಟತನ. ಹಲ್ಲುಜ್ಜುವಾಗ ಒಂಚೂರು ರಕ್ತ, ಬಾಯಲ್ಲಿ ಒಂಚೂರು ವಾಸನೆ, ಅಷ್ಟೇ. ಒಳಗೆ ಮಾತ್ರ ಹಲ್ಲಿಗೂ ಒಸಡಿಗೂ ನಡುವೆ ಸಂದು ಬಿಡುತ್ತಾ, ಆಳವಾಗುತ್ತಾ ಹೋಗುತ್ತದೆ. ದಂತವೈದ್ಯರು ಅದನ್ನು ಪಾಕೆಟ್ ಎನ್ನುತ್ತಾರೆ. ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ಅದರೊಳಗೆ ಇಳಿಸಿ ಎಷ್ಟು ಮಿಲಿಮೀಟರ್ ಎಂದು ಓದುತ್ತಾರೆ. ಎರಡು ಮೂರು ಇದ್ದರೆ ಚಿಂತೆಯಿಲ್ಲ. ಆರು ಏಳು ಎಂದರೆ ಹಲ್ಲನ್ನು ಹಿಡಿದುಕೊಂಡಿರುವ ಮೂಳೆ ಕರಗುತ್ತಿದೆ ಎಂದು ಅರ್ಥ.

ಆ ಪಾಕೆಟ್ಟಿನೊಳಕ್ಕೆ ಬ್ರಷ್ ಹೋಗುವುದಿಲ್ಲ. ಮಾತ್ರೆ ನುಂಗಿದರೆ ಔಷಧಿ ಮೈಯೆಲ್ಲ ಸುತ್ತಿ ಹೊಟ್ಟೆ ಕೆಡಿಸಿ ಕೊನೆಗೆ ಒಸಡಿಗೆ ತಲುಪುವುದು ಚಿಟಿಕೆಯಷ್ಟು. ಅದಕ್ಕೇ ಔಷಧಿಯನ್ನು ನೇರವಾಗಿ ಆ ಸಂದಿನಲ್ಲೇ ಕೂರಿಸಬೇಕು ಎನ್ನುವುದು ನಮ್ಮಂಥವರ ಕೆಲಸ. ಇದು ನಾನು ಕಂಡುಹಿಡಿದ ವಿಚಾರವಲ್ಲ. ಬೇರೆ ದೇಶಗಳಲ್ಲಿ ಇಂಥವು ಎಷ್ಟೋ ಬಂದಿವೆ. ನಾನು ಮಾಡಹೊರಟದ್ದು ಇಲ್ಲಿನ ಸಣ್ಣ ಕ್ಲಿನಿಕ್ಕಿನಲ್ಲಿ, ಸಾಮಾನ್ಯ ಸಿರಿಂಜಿನಲ್ಲಿ ಹಾಕಬಹುದಾದ ಅಗ್ಗದ ಜೆಲ್.

ಅದರ ಗುಣ ವಿಚಿತ್ರ. ಉಳಿದ ವಸ್ತುಗಳು ತಣ್ಣಗಾದರೆ ಗಟ್ಟಿಯಾಗುತ್ತವೆ, ಇದು ಬಿಸಿಗೆ ಗಟ್ಟಿಯಾಗುತ್ತದೆ. ಫ್ರಿಜ್ಜಿನಲ್ಲಿ ತೆಳ್ಳಗೆ ಪಾನಕದ ಹಾಗಿರುತ್ತದೆ. ಬಾಯಿಯ ಶಾಖ ತಗುಲಿದ ಒಂದು ನಿಮಿಷದೊಳಗೆ ಹಾಲ್ಬಾಯಿಯ ಹದಕ್ಕೆ ಬಂದು ಕೂತುಬಿಡುತ್ತದೆ. ಒಳಗೆ ಬೆರೆಸಿದ ಹಳೆಯ ಆಂಟಿಬಯಾಟಿಕ್ ಮೆಲ್ಲಮೆಲ್ಲಗೆ ಹೊರಬರುತ್ತದೆ. ಈ ಹದ ಸಿಗಲು ನನಗೆ ಎರಡು ವರ್ಷ ಹಿಡಿಯಿತು. ಜೆಲ್ ಕಟ್ಟುವ ಪುಡಿ ಒಂದು ಪಾಲು ಹೆಚ್ಚಾದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತಿತ್ತು, ಒಂದು ಪಾಲು ಕಡಿಮೆಯಾದರೆ ಬಾಯಲ್ಲೂ ನೀರಾಗಿಯೇ ಉಳಿಯುತ್ತಿತ್ತು. ಕೆ.ಆರ್. ಪುರದ ಆಚೆಗಿರುವ ನಮ್ಮ ಕಾಲೇಜಿನಲ್ಲಿ ಏಪ್ರಿಲ್ ತಿಂಗಳಲ್ಲಿ ಕರೆಂಟು ಹೋದರೆ ಫ್ರಿಜ್ಜಿನೊಳಗಿದ್ದ ಒಂದು ವಾರದ ಕೆಲಸ ಸಂಜೆಯೊಳಗೆ ಗಟ್ಟಿ. ಹಾಗೆ ಎಷ್ಟು ಸಲ ಚೆಲ್ಲಿದೆನೋ ಲೆಕ್ಕವಿಲ್ಲ.

ಕೊನೆಗೊಂದು ಜೆಲ್ ನಿಂತಿತು. ಅದನ್ನು ತೆಳುವಾದ ಪೊರೆಯ ಚೀಲದಲ್ಲಿ ಕಟ್ಟಿ, ಕೃತಕ ಜೊಲ್ಲಿನಲ್ಲಿ ಮುಳುಗಿಸಿ, ಮೈಶಾಖಕ್ಕೆ ಕಾಯಿಸಿದ ನೀರಿನ ತೊಟ್ಟಿಯಲ್ಲಿಟ್ಟೆ. ಆ ತೊಟ್ಟಿ ತೂಗುಮಂಚದ ಹಾಗೆ ಮೆಲ್ಲಗೆ ಅಲ್ಲಾಡುತ್ತಿರುತ್ತದೆ. ದಿನವೂ ಒಂದಿಷ್ಟು ದ್ರವ ತೆಗೆದು ಎಷ್ಟು ಔಷಧಿ ಹೊರಬಂದಿದೆ ಎಂದು ನೋಡುತ್ತಿದ್ದೆ. ಏಳನೆಯ ದಿನವೂ ಬರುತ್ತಿತ್ತು. ಅವತ್ತು ನಾನು ಮನೆಗೆ ಹೋಗುವಾಗ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಇಳಿದು ಮೈಸೂರುಪಾಕು ತೆಗೆದುಕೊಂಡೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಅದು ನನಗೆ ಪೂರ್ತಿ ಒಪ್ಪುತ್ತದೆ.

ಇನ್ನು ಜೆಲ್ ಹಾಕಿ ನೋಡಲು ಬಾಯಿ ಸಿಗಬೇಕಿತ್ತು. ನನ್ನ ಶಾಲೆಯ ಗೆಳತಿ ಒಸಡಿನ ರೋಗದ ಡಾಕ್ಟರು. ಹಲಸೂರು ಮಾರ್ಕೆಟ್ಟಿನ ಹತ್ತಿರ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಕ್ಲಿನಿಕ್ಕು. ಕಾಲೇಜಿನ ಸಮಿತಿಯ ಅನುಮತಿಗೆ ಅರ್ಜಿ, ಅದಕ್ಕೆ ತಿದ್ದುಪಡಿ, ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ, ಎಲ್ಲ ಮುಗಿದು ಹತ್ತು ಹನ್ನೆರಡು ಜನರ ಮೇಲೆ ಸಣ್ಣ ಪರೀಕ್ಷೆ ಮಾಡಲು ಒಪ್ಪಿಗೆ ಸಿಕ್ಕಿತು. ಪದ್ಧತಿ ಸರಳ. ಎಲ್ಲರಿಗೂ ಪೂರ್ತಿ ಬಾಯಿ ಕ್ಲೀನ್ ಮಾಡುವುದು. ಆಮೇಲೆ ಒಂದೇ ಬಾಯಿಯ ಒಂದು ಬದಿಯ ಪಾಕೆಟ್ಟುಗಳಿಗೆ ಮಾತ್ರ ಜೆಲ್ ಹಾಕುವುದು, ಇನ್ನೊಂದು ಬದಿಯನ್ನು ಹಾಗೇ ಬಿಡುವುದು. ಯಾವ ಬದಿ ಎಂದು ಚೀಟಿ ಎತ್ತಿ ನಿರ್ಧರಿಸುವುದು. ಮೂರು ತಿಂಗಳ ನಂತರ ಎರಡೂ ಬದಿ ಅಳೆದರೆ ಜೆಲ್ಲಿನ ಕೈವಾಡ ಎಷ್ಟು ಎಂದು ತಿಳಿಯುತ್ತದೆ.

ಸಿರಿಂಜುಗಳನ್ನು ಕ್ಲಿನಿಕ್ಕಿಗೆ ಒಯ್ಯುವುದು ನನ್ನ ಪಾಲಿನ ಕೆಲಸ. ಅಗಲ ಬಾಯಿಯ ಥರ್ಮಾಸಿನಲ್ಲಿ ಐಸ್ ತುಂಬಿ, ಅದರಲ್ಲಿ ಸಿರಿಂಜುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹೂತಿಟ್ಟು, ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತುತ್ತಿದ್ದೆ. ಮೊದಲ ದಿನ ತಪಾಸಣೆಯ ಹೆಂಗಸು ಥರ್ಮಾಸು ತೆರೆಸಿದರು.

“ಏನ್ ಮೇಡಂ ಇದು, ಇಷ್ಟೊಂದ್ ಸಿರಿಂಜು?”

“ಒಸಡಿಗೆ ಹಾಕೋ ಔಷಧಿ. ತಣ್ಣಗಿರ್ಬೇಕು. ಬೇಗ ಮುಚ್ಚಿ.”

ಅವರು ಮುಚ್ಚಲಿಲ್ಲ. ಕಾಲೇಜಿನ ಪತ್ರ ತೋರಿಸಿದೆ, ಓದಿದರು. “ನಮ್ಮಮ್ಮಂಗೂ ಒಸಡಲ್ಲಿ ರಕ್ತ ಬರುತ್ತೆ. ಎಲ್ಲಿ ಸಿಗುತ್ತೆ ಇದು?” ಎಂದರು. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು, ಐಸು ಕರಗುತ್ತಿತ್ತು. ಇನ್ನೂ ಎಲ್ಲೂ ಸಿಗೋಲ್ಲ ಎಂದೆ. ಹಾಗೆ ಹೇಳುವಾಗ ಒಳಗೊಳಗೇ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದೇಕೆ.

ರೋಗಿಗಳಿಗೆ ಕೊಡುವ ಸೂಚನೆಯ ಚೀಟಿಯನ್ನೂ ನಾನೇ ಬರೆದೆ. ಹೊರದೇಶದ ನಾಲ್ಕಾರು ಸಂಶೋಧನೆಗಳಲ್ಲಿದ್ದ ಸೂಚನೆಗಳನ್ನು ಮುಂದಿಟ್ಟುಕೊಂಡು ಅಚ್ಚುಕಟ್ಟಾಗಿ ಕನ್ನಡಕ್ಕೆ ತಂದೆ. ಏಳು ದಿನ ಜೆಲ್ ಹಾಕಿದ ಕಡೆ ಬ್ರಷ್ ಮಾಡಬೇಡಿ. ಹಲ್ಲಿನ ಸಂದಿಗೆ ದಾರ ಹಾಕಬೇಡಿ. ಗಟ್ಟಿ, ಅಂಟು ಪದಾರ್ಥ ತಿನ್ನಬೇಡಿ. ಉಳಿದಂತೆ ಬಾಯಿ ಸ್ವಚ್ಛವಾಗಿಟ್ಟುಕೊಳ್ಳಿ. ಗೆಳತಿ ಓದಿ ಚೆನ್ನಾಗಿದೆ ಎಂದಳು. ತಮಿಳಿನಲ್ಲೂ ಉರ್ದುವಿನಲ್ಲೂ ಮಾಡಿಸಿದೆವು.

ಐದನೆಯವರೋ ಆರನೆಯವರೋ ಆಗಿ ಬಂದವರು ಟೈಲರಕ್ಕ. ಅದೇ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅವರದೊಂದು ಬ್ಲೌಸ್ ಹೊಲಿಯುವ ಅಂಗಡಿ. ನಲವತ್ತೆರಡರ ಆಸುಪಾಸು, ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಬಂದವರ ಭಾಷೆ. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದು ಕುರ್ಚಿಯಲ್ಲಿ ಕೂತರು. ಮೇಲಿನ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿಟ್ಟಿತ್ತು, ಬಲಗಡೆಯದು ಮುಂದಕ್ಕೆ ಬಂದಿತ್ತು. ಬೆರಳು ತಾಗಿಸಿದರೆ ಅಲ್ಲಾಡುತ್ತಿತ್ತು. ಮಾತಾಡುವಾಗ ಟೇಪಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು.

“ನಮ್ಮಮ್ಮಂಗೆ ನಲವತ್ತೈದಕ್ಕೆಲ್ಲ ಬಾಯಿ ಖಾಲಿ, ನಮ್ ದೊಡ್ಡಕ್ಕಂಗೂ ಹಾಗೇ. ನಂಗೆ ಹಿಂದಿನವು ಹೋದ್ರೂ ಪರವಾಗಿಲ್ಲ ಮೇಡಂ. ಇದೊಂದು ಉಳಿಸ್ಕೊಡಿ. ಬರೋರೆಲ್ಲ ಒಂದ್ ಅಡಿ ದೂರದಲ್ಲಿ ನಿಂತು ನನ್ ಮುಖಾನೇ ನೋಡ್ತಿರ್ತಾರೆ, ಅಳತೆ ತಗೊಳ್ಳೋವಾಗ.”

ಗೆಳತಿ ಅಳೆದಳು. ಏಳು ಮಿಲಿಮೀಟರ್. ಮೊದಲು ಒಳಗಿನವರೆಗೆ ಕ್ಲೀನ್ ಮಾಡೋಣ, ಅದಕ್ಕೂ ಬಗ್ಗದಿದ್ದರೆ ಒಸಡು ಬಿಡಿಸಿ ಒಳಗೆ ಸ್ವಚ್ಛಮಾಡಿ ಹೊಲಿಗೆ ಹಾಕುವ ಆಪರೇಷನ್ ಇದೆ, ಈ ಹಲ್ಲಿಗೆ ತಡಮಾಡದೆ ಅದನ್ನೇ ಮಾಡಿಸುವುದು ಒಳ್ಳೆಯದು, ನಮ್ಮ ಜೆಲ್ಲಿನ ಪರೀಕ್ಷೆಗೆ ಸೇರಲೇಬೇಕೆಂದಿಲ್ಲ ಎಂದು ನಿಧಾನವಾಗಿ ವಿವರಿಸಿದಳು. ಟೈಲರಕ್ಕನ ಮುಖ ಚಿಕ್ಕದಾಯಿತು.

“ಹೊಲಿಗೆ ಹಾಕೋದು ನನ್ ಕೆಲ್ಸ ಡಾಕ್ಟರಮ್ಮ. ಹಾಕಿಸ್ಕೊಳ್ಳೋದಲ್ಲ.”

ಆಗ ನಾನು ಬಾಯಿ ಹಾಕಿದೆ. ಹಾಕಬಾರದಿತ್ತು. “ಆಪರೇಷನ್ ಯಾಕೆ ಅಕ್ಕ? ನಮ್ಮ ಜೆಲ್ ಒಂದ್ಸಲ ಹಾಕಿಸ್ಕೊಂಡು ನೋಡಿ. ಏಳು ದಿನ ಒಳಗೇ ಕೂತು ಕೆಲಸ ಮಾಡುತ್ತೆ” ಎಂದೆ. ಗೆಳತಿ ಮಾಸ್ಕಿನ ಮೇಲಿಂದ ನನ್ನನ್ನು ದುರುಗುಟ್ಟಿ ನೋಡಿದಳು. ಟೈಲರಕ್ಕ ಮಾತ್ರ ನನ್ನ ಕಡೆಗೇ ತಿರುಗಿ ಕೂತು ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದರು. ಚೀಟಿ ಎತ್ತಿದಾಗ ಬಲಬದಿ ಬಂತು, ಅಂದರೆ ಅವರ ಹಲ್ಲು ಜೆಲ್ಲಿನ ಪಾಲಿಗೆ ಬಂತು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಟೇಪು ಬಾಯಿಂದ ತೆಗೆದು ನಕ್ಕರು. ನನಗೂ ಸಂತೋಷವೇ ಆಯಿತು. ಬಾಯಿ ಪೂರ್ತಿ ಕ್ಲೀನ್ ಮಾಡಿದ ಮೇಲೆ ಗೆಳತಿ ಮೊಂಡು ತುದಿಯ ಸೂಜಿಯನ್ನು ಪಾಕೆಟ್ಟಿನೊಳಗಿಳಿಸಿ ಜೆಲ್ ಬಿಟ್ಟಳು. ಒಂದು ನಿಮಿಷ ಕಾದು ನೋಡಿದೆವು, ಚೆನ್ನಾಗಿ ಕೂತಿತ್ತು.

ಮೂರು ತಿಂಗಳ ಮೇಲೆ ಅಳತೆಗಳು ಬಂದವು. ಎಲ್ಲರ ಬಾಯಿಯೂ ಸ್ವಲ್ಪ ಸುಧಾರಿಸಿತ್ತು, ಆದರೆ ಎರಡೂ ಬದಿ ಒಂದೇ ಸಮ. ಕ್ಲೀನ್ ಮಾಡಿದ್ದರಿಂದ ಆದಷ್ಟೇ ಆಗಿತ್ತು. ನನ್ನ ಜೆಲ್ ಹಾಕಿದ್ದಕ್ಕೂ ಹಾಕದಿದ್ದದ್ದಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ಟೈಲರಕ್ಕನ ಏಳು ಆರಕ್ಕೆ ಇಳಿದಿತ್ತು, ಹಲ್ಲು ಹಿಂದಿನಂತೆಯೇ ಅಲ್ಲಾಡುತ್ತಿತ್ತು.

ನಾನು ಆ ವಾರ ಯಾರನ್ನೂ ಬಿಡದೆ ಬೈದೆ. ಗೆಳತಿಯ ಕೈ ಸರಿಯಿಲ್ಲ, ಪಾಕೆಟ್ಟಿನ ತಳದವರೆಗೆ ಸೂಜಿ ಇಳಿಸಿಲ್ಲ ಎಂದೆ. ಅವಳು ಎರಡು ದಿನ ಫೋನ್ ಎತ್ತಲಿಲ್ಲ. ಪುಡಿ ಕೊಟ್ಟ ಕಂಪನಿಯನ್ನು ಅನುಮಾನಿಸಿದೆ, ಥರ್ಮಾಸನ್ನು ಅನುಮಾನಿಸಿದೆ, ಒಮ್ಮೆ ದಾರಿಯಲ್ಲಿ ಬೆನ್ನಿಗಾನಹಳ್ಳಿಯಲ್ಲಿ ಮೆಟ್ರೋ ನಿಂತ ಹತ್ತು ನಿಮಿಷವನ್ನೂ ಅನುಮಾನಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲ್ಯಾಬಿನಲ್ಲಿ ಮತ್ತೆ ಅದೇ ಜೆಲ್ ಮಾಡಿ ಅದೇ ತೊಟ್ಟಿಯಲ್ಲಿಟ್ಟೆ. ಏಳು ದಿನ ನಿಂತಿತು.

ಆ ಮಧ್ಯೆ ಟೈಲರಕ್ಕನ ಬಳಿ ಹೊಲಿಯಲು ಕೊಟ್ಟಿದ್ದ ಬ್ಲೌಸು ತರಲು ಒಂದು ಶನಿವಾರ ಮಧ್ಯಾಹ್ನ ಅಂಗಡಿಗೆ ಹೋದೆ. ಅವರು ಶಿವಾಜಿನಗರಕ್ಕೆ ಲೈನಿಂಗ್ ಬಟ್ಟೆ, ಹುಕ್ಕು ತರಲು ಹೋಗಿ ಆಗಷ್ಟೇ ಬಂದು ಡಬ್ಬಿ ಬಿಚ್ಚುತ್ತಿದ್ದರು. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ಪೈಕಿ ಅವರಲ್ಲ. ಡಬ್ಬಿಯ ಮುಚ್ಚಳದಲ್ಲಿ ಟೊಮೇಟೊ ಬಾತು, ಮೇಲೊಂದು ಹಪ್ಪಳ ಇಟ್ಟು ಕೊಟ್ಟರು. ಹೊಲಿಗೆ ಮೆಷಿನ್ನಿನ ಎರಡು ಬದಿಗೆ ಕೂತು ತಿಂದೆವು. ಹಲ್ಲು ಹೇಗಿದೆ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಅವರು ಹಪ್ಪಳವನ್ನು ಹಿಂದಿನ ಹಲ್ಲಿನಲ್ಲಿ ಕಷ್ಟಪಟ್ಟು ಮುರಿಯುವುದನ್ನು ನೋಡದ ಹಾಗೆ ನೋಡಿದೆ.

ತಿಂದಾದ ಮೇಲೆ ಅವರು ಡ್ರಮ್ಮಿನಿಂದ ಒಂದು ಮಗ್ ನೀರು ತೆಗೆದುಕೊಂಡು ಅಂಗಡಿಯ ಹೊರಗೆ ಮೋರಿಯ ಬಳಿ ಬಗ್ಗಿ ನಿಂತರು. ಬಾಯಿ ತುಂಬ ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿ, ಆ ಕಡೆಯಿಂದ ಈ ಕಡೆಗೆ ಗಳಗಳ ಮುಕ್ಕಳಿಸಿದರು. ಉಗಿದರು. ತೋರುಬೆರಳು ಹಾಕಿ ಒಸಡನ್ನು, ಅದರಲ್ಲೂ ಆ ಮುಂದಿನ ಹಲ್ಲಿನ ಬುಡವನ್ನು, ತಿಕ್ಕಿ ತಿಕ್ಕಿ ಉಜ್ಜಿದರು. ಮತ್ತೆ ನೀರು, ಮತ್ತೆ ಗಳಗಳ. ಮೂರು ಸಲ. ಆಮೇಲೆ ಮಗ್ಗನ್ನು ನನಗೆ ಕೊಟ್ಟರು.

ನಾನೂ ಬಗ್ಗಿದೆ. ಬಾಯಿ ತುಂಬ ನೀರು ತುಂಬಿಕೊಂಡೆ, ಕೆನ್ನೆ ಉಬ್ಬಿಸಿದೆ. ಎರಡು ಸಲ ಆ ಕಡೆ ಈ ಕಡೆ ಆಡಿಸಿದ್ದೆನೋ ಇಲ್ಲವೋ, ಹಾಗೇ ನಿಂತುಬಿಟ್ಟೆ. ಉಗುಳಲೂ ಇಲ್ಲ, ನುಂಗಲೂ ಇಲ್ಲ.

“ಏನಾಯ್ತು ಮೇಡಂ? ಖಾರ ಆಯ್ತಾ?”

ಉಗಿದು ಒರೆಸಿಕೊಂಡು ಕೇಳಿದೆ. “ಅಕ್ಕ, ಜೆಲ್ ಹಾಕಿದ ವಾರಾನೂ ಹೀಗೇ ಮಾಡಿದ್ರಾ?”

“ಹೀಗಲ್ಲ, ಇನ್ನೂ ಚೆನ್ನಾಗ್ ಮಾಡ್ದೆ. ಬಾಯಿ ಕ್ಲೀನಾಗಿಟ್ಕೊಳ್ಳಿ ಅಂತ ಚೀಟೀಲಿ ಇತ್ತಲ್ಲ. ಕಾಫಿ ಕುಡಿದ್ರೂ ಮುಕ್ಕಳಿಸ್ದೆ. ರಾತ್ರಿ ಉಪ್ಪುನೀರು ಬೇರೆ.” ನನ್ನ ಮುಖ ನೋಡಿ ಅವರಿಗೆ ಗಾಬರಿಯಾಯಿತು. “ಬೇರೆ ಏನೂ ತಪ್ ಮಾಡಿಲ್ಲ ಮೇಡಂ. ಬ್ರಷ್ ಆ ಕಡೆ ಹಾಕ್ಲೇ ಇಲ್ಲ. ದಾರ ಹಾಕ್ಬೇಡಿ ಅಂತಿತ್ತಲ್ಲ, ಅದಕ್ಕೆ ಹೊಲಿಯೋವಾಗ ಹಲ್ಲಲ್ಲಿ ದಾರ ಕಡಿಯೋದೂ ಬಿಟ್ಟಿದ್ದೆ. ಒಂದ್ ವಾರ ಕತ್ತರಿ ಕೈಯಲ್ಲೇ.”

ಮೆಟ್ರೋದಲ್ಲಿ ಕೂತು ನಮ್ಮ ಮನೆಯನ್ನು ಯೋಚಿಸಿದೆ. ನಮ್ಮ ತಂದೆ ವಿಮಾನ ಕಾರ್ಖಾನೆಯಿಂದ ನಿವೃತ್ತರಾದವರು. ಅವರು ಊಟ ಮುಗಿಸಿ ಬಾಯಿ ಮುಕ್ಕಳಿಸುವ ಸದ್ದು ಎದುರುಮನೆಯವರಿಗೂ ಕೇಳುತ್ತದೆ. ನನ್ನ ಮಗಳು ಬಿಸ್ಕತ್ತು ತಿಂದು ಎದ್ದರೆ “ಬಾಯಿ ಮುಕ್ಕಳಿಸಿದ್ಯಾ?” ಎಂದು ನಾನೇ ಕೂಗುತ್ತೇನೆ. ಕಾಲೇಜಿನಲ್ಲಿ ಮಧ್ಯಾಹ್ನ ಒಂದೂವರೆಗೆ ಬೇಸಿನ್ ಮುಂದೆ ಅಧ್ಯಾಪಕರೆಲ್ಲ ಸಾಲಾಗಿ ನಿಂತು ಕೆನ್ನೆ ಉಬ್ಬಿಸುತ್ತೇವೆ. ಅಲ್ಲಿ ನಿಂತೇ ಎಷ್ಟೋ ಸಲ ನಾನು ಜೆಲ್ಲಿನ ವಿಷಯ ಮಾತಾಡಿದ್ದೇನೆ. ಉಸಿರಾಡಬೇಡಿ ಎಂದು ಯಾರೂ ಚೀಟಿಯಲ್ಲಿ ಬರೆಯುವುದಿಲ್ಲವಷ್ಟೇ, ಇದೂ ನಮಗೆ ಹಾಗೇ ಆಗಿತ್ತು. ನಾನು ಎದುರಿಗಿಟ್ಟುಕೊಂಡ ಸಂಶೋಧನೆಗಳ ಜನ ಊಟ ಮಾಡಿ ಕಾಗದದಲ್ಲಿ ತುಟಿ ಒರೆಸಿಕೊಂಡು ಏಳುವವರು ಎಂಬುದು ನನಗೆ ಹೊಳೆಯಲೇ ಇಲ್ಲ.

ಸೋಮವಾರ ಲ್ಯಾಬಿನಲ್ಲಿ ಎರಡು ಗಾಜಿನ ಪಟ್ಟಿಗಳ ನಡುವೆ ಸಂದು ಮಾಡಿ ಜೆಲ್ ಕೂರಿಸಿದೆ. ಬಾಯಲ್ಲಿ ನೀರು ಎಷ್ಟು ಜೋರಾಗಿ ಆಡುತ್ತದೋ ಅಷ್ಟು ರಭಸದಲ್ಲಿ ನೀರು ಹೊಡೆದೆ. ಮೊದಲ ಸಲ ಮೇಲ್ಭಾಗ ಹೋಯಿತು. ಮೂರನೆಯ ಸಲಕ್ಕೆ ಗಾಜು ಸ್ವಚ್ಛ. ತೂಗುಮಂಚದಲ್ಲಿ ಏಳು ದಿನ ನಿಂತದ್ದು ಒಂದು ಊಟಕ್ಕೆ ನಿಲ್ಲಲಿಲ್ಲ.

ಗೆಳತಿಗೆ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಬೇಕಿತ್ತು, ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

“ಮುಕ್ಕಳಿಸ್ಬೇಡಿ ಅಂತ ನೀನಾದ್ರೂ ಯಾಕೆ ಹೇಳ್ಲಿಲ್ಲ?”

“ಚೀಟಿ ಬರ್ದೋಳು ನೀನು ಕಣೇ.”

“ಓದಿ ಚೆನ್ನಾಗಿದೆ ಅಂದೋಳು ನೀನು.”

“ಹೌದು. ನಂಗೂ ಹೊಳೀಲಿಲ್ಲ” ಎಂದಳು. ಉಳಿದ ರೋಗಿಗಳನ್ನೆಲ್ಲ ಅವಳೇ ವಿಚಾರಿಸಿದಳು. ಎಲ್ಲರೂ ಮುಕ್ಕಳಿಸಿದ್ದರು. ಯಾರು ನಮ್ಮ ಮಾತಿಗೆ ಹೆಚ್ಚು ಬೆಲೆ ಕೊಟ್ಟು ಬಾಯಿ ಸ್ವಚ್ಛವಾಗಿಟ್ಟುಕೊಂಡಿದ್ದರೋ ಅವರೇ ಜೆಲ್ಲನ್ನು ಬೇಗ ತೊಳೆದುಕೊಂಡಿದ್ದರು.

ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡೆ. ಬರೆದಿದ್ದರೂ ಯಾರು ಕೇಳುತ್ತಿದ್ದರು? ಎಂಜಲು ಬಾಯಲ್ಲಿ ವಾರಗಟ್ಟಲೆ ಇರಿ ಎಂದರೆ ನಮ್ಮ ಜನ ಒಪ್ಪುತ್ತಾರೆಯೇ? ಹಾಗಾಗಿ ಚೀಟಿಯನ್ನು ದೂರಿ ಪ್ರಯೋಜನವಿಲ್ಲ, ತೊಳೆದರೂ ಹೋಗದ ಜೆಲ್ ಮಾಡಬೇಕು. ಈ ಸಮಾಧಾನವನ್ನು ನಾನು ಗೆಳತಿಗೂ ಹೇಳಿದೆ, ಸಮಿತಿಯ ಮುಂದೆಯೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಒಸಡಿನ ತೇವಕ್ಕೆ ಅಂಟಿಕೊಳ್ಳುವ ಇನ್ನೊಂದು ಪದಾರ್ಥ ಬೆರೆಸಿ ಹೊಸದಾಗಿ ಹದ ಹಿಡಿಯಲು ಕೂತೆ. ಅದಕ್ಕೆ ಎಂಟು ತಿಂಗಳು ಬೇಕಾಯಿತು.

ಹೊಸ ಜೆಲ್ಲಿನ ಪರೀಕ್ಷೆಗೆ ನಿಯಮ ಏನೆಂದರೆ, ಹಿಂದೆ ಹಳೆಯದನ್ನು ಹಾಕಿಸಿಕೊಂಡವರು ಬರುವಂತಿಲ್ಲ. ನಿಯಮ ಸರಿಯಾದದ್ದೇ. ಪಾಠ ಮಾಡುವಾಗ ಮಕ್ಕಳಿಗೆ ನಾನೇ ಹೇಳಿಕೊಡುವ ನಿಯಮ ಅದು. ಆದರೂ ಒಂದು ದಿನ ಗೆಳತಿಯ ಬಳಿ ಮೆಲ್ಲಗೆ ಕೇಳಿದೆ, ಟೈಲರಕ್ಕನಿಗೊಬ್ಬರಿಗೆ ಲೆಕ್ಕದ ಹೊರಗೆ ಹಾಕಬಹುದಾ ಎಂದು.

“ಆಗಲ್ಲ. ಅದು ಇನ್ನೂ ಔಷಧಿ ಅಲ್ಲ ಕಣೇ, ನಿನ್ ಕೂಸು ಅಷ್ಟೇ. ಅವ್ರಿಗೆ ಬೇಕಾಗಿರೋದು ಆಪರೇಷನ್ನು. ಮೊದಲ್ನೇ ದಿನಾನೇ ಹೇಳ್ದೆ. ಆಮೇಲೆ ಎರಡು ಸಲ ಫೋನ್ ಮಾಡಿ ಹೇಳ್ದೆ. ‘ಮೇಡಂ ಇನ್ನೊಂದು ಜೆಲ್ ಮಾಡ್ತಿದಾರಂತೆ, ಕಾಯ್ತೀನಿ’ ಅಂತಾರೆ. ನೀನೇ ಹೋಗಿ ಹೇಳು.”

ಹೋದೆ. ಟೈಲರಕ್ಕ ಒಂದು ರೇಷ್ಮೆ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದರು. ಮುಂದಿನ ಹಲ್ಲು ಇನ್ನಷ್ಟು ಕೆಳಗಿಳಿದು ತುಟಿಯ ಹೊರಗೆ ಕಾಣುತ್ತಿತ್ತು. ಹೊಸ ಜೆಲ್ ತಯಾರಾಗಿದೆ, ಆದರೆ ಅದನ್ನು ನಿಮಗೆ ಹಾಕುವಂತಿಲ್ಲ, ದಯವಿಟ್ಟು ಆಪರೇಷನ್ ಮಾಡಿಸಿಕೊಳ್ಳಿ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಹುಕ್ಕು ಮುಗಿಸಿದರು. ಇನ್ನೊಂದು ಹುಕ್ಕು ಎತ್ತಿಕೊಂಡರು.

“ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗಿದ್ದು ನಮ್ ಅಂಗ್ಡೀಲಿ, ಅಲ್ವಾ ಮೇಡಂ?”

“ಹೌದು ಅಕ್ಕ.”

“ಎಲ್ರಿಗೂ ಹಾಕ್ತೀರ. ನಂಗ್ ಮಾತ್ರ ಇಲ್ಲ.”

ನಿಯಮವನ್ನು ವಿವರಿಸಬಹುದಿತ್ತು, ವಿವರಿಸಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು, ಆದರೆ ಅವರ ಮುಂದೆ ಅಳಲು ನನಗೆ ಯಾವ ಹಕ್ಕೂ ಇರಲಿಲ್ಲ. ಆವತ್ತು ಅವರು ಕಾಫಿ ಕುಡಿಯಿರಿ ಎನ್ನಲಿಲ್ಲ. ಮದುವೆಯ ಬ್ಲೌಸುಗಳ ರಾಶಿ ಮುಗಿದ ಮೇಲೆ ಆಪರೇಷನ್ ಮಾಡಿಸುತ್ತೇನೆ ಎಂದಷ್ಟೇ ಹೇಳಿದರು.

ರಾಶಿ ಮುಗಿಯುವಷ್ಟರಲ್ಲಿ ಹಲ್ಲಿನ ಸುತ್ತ ಮೂಳೆ ಉಳಿದಿರಲಿಲ್ಲ. ಎಕ್ಸರೇ ತೆಗೆದ ಗೆಳತಿ ಅದನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದಳು. ಹಲ್ಲು ಬರಿಯ ಒಸಡಿಗೆ ಜೋತುಬಿದ್ದಿತ್ತು. ಜೆಲ್ ಏಳು ದಿನ ನಿಂತಿದ್ದರೆ ಉಳಿಯುತ್ತಿತ್ತು ಎಂದು ಖಚಿತವಾಗಿ ಹೇಳಲಾರೆ. ಆಪರೇಷನ್ನು ಮೊದಲೇ ಆಗಿದ್ದರೆ ಉಳಿಯುವ ಸಂಭವ ಹೆಚ್ಚಿತ್ತು ಎಂದು ಗೆಳತಿ ಹೇಳಿದಳು. ಅದನ್ನು ಆಪರೇಷನ್ ಯಾಕೆ ಎಂದಿದ್ದ ನನ್ನ ಎದುರಿಗೇ ಹೇಳಿದಳು. ನಾನು ಕೇಳಿಸಿಕೊಂಡೆ.

ಹಲ್ಲು ಕೀಳಿಸುವ ದಿನ ಬೆಳಿಗ್ಗೆ ಟೈಲರಕ್ಕ ನನಗೆ ಫೋನ್ ಮಾಡಿದರು. “ಬರ್ತೀರಾ ಮೇಡಂ? ಒಬ್ಳೇ ಹೋಗೋಕೆ ಯಾಕೋ ಕಾಲೇ ಬರ್ತಿಲ್ಲ.” ಕ್ಲಾಸು ಬೇರೆಯವರಿಗೆ ಒಪ್ಪಿಸಿ ಹೊರಟೆ.

ಹಲ್ಲು ಬರಲು ಒಂದು ನಿಮಿಷವೂ ಹಿಡಿಯಲಿಲ್ಲ. ಗೆಳತಿ ಗಾಯಕ್ಕೆ ಹತ್ತಿಯ ಉಂಡೆಯಿಟ್ಟು ಕಚ್ಚಿಹಿಡಿದುಕೊಳ್ಳಲು ಹೇಳಿದಳು. ಕೈಗವಸು ತೆಗೆಯುತ್ತಾ, ಬೇಸಿನ್ನಿನ ಕಡೆಗೆ ತಿರುಗಿಕೊಂಡೇ, ದಿನವೂ ಹೇಳುವ ಮಾತುಗಳನ್ನು ಹೇಳತೊಡಗಿದಳು. “ಅರ್ಧ ಗಂಟೆ ಹತ್ತಿ ತೆಗೀಬೇಡಿ. ಇವತ್ತು ಬಿಸಿ ಏನೂ ಬೇಡ, ಮೊಸರನ್ನ ತಿನ್ನಿ. ನಾಳೆವರೆಗೂ ಬಾಯಿ ಮುಕ್ಕಳಿಸ್ಬಾರ್ದು, ಉಗೀಬಾರ್ದು. ಮುಕ್ಕಳಿಸಿದ್ರೆ ಒಳಗೆ ಕೂತಿರೋದು ಕಿತ್ಕೊಂಡು...”

ಅಲ್ಲಿಗೆ ನಿಂತಳು. ನಲ್ಲಿ ಸುರಿಯುತ್ತಿತ್ತು, ನಿಲ್ಲಿಸಲಿಲ್ಲ.

ಹಲ್ಲು ಕಿತ್ತ ಪ್ರತಿಯೊಬ್ಬರಿಗೂ ಅವಳು ಹದಿನೈದು ವರ್ಷದಿಂದ ಇದನ್ನು ಹೇಳುತ್ತಾ ಬಂದಿದ್ದಾಳೆ. ಅಚ್ಚು ಹಾಕಿಸಿದ ಚೀಟಿಯೂ ಇದೆ, ಮೂರು ಭಾಷೆಯಲ್ಲಿ. ಮೇಜಿನ ಡ್ರಾದಲ್ಲಿ ನಮ್ಮ ಜೆಲ್ಲಿನ ಚೀಟಿಯ ಕಟ್ಟಿಗೆ ಅಂಟಿಕೊಂಡೇ ಆ ಕಟ್ಟು ಇತ್ತು. ಹಲ್ಲು ಕಿತ್ತ ಗಾಯದಲ್ಲಿ ಕೂತ ರಕ್ತದ ಹೆಪ್ಪಿಗೆ ಆ ಚೀಟಿ ಕೊಟ್ಟಿದ್ದ ಗೌರವವನ್ನು ನನ್ನ ಜೆಲ್ಲಿಗೆ ಇಬ್ಬರೂ ಕೊಟ್ಟಿರಲಿಲ್ಲ. ಗೆಳತಿ ಡ್ರಾ ಎಳೆದು ಒಂದು ಚೀಟಿ ತೆಗೆದು ಟೈಲರಕ್ಕನ ಕೈಗೆ ಕೊಟ್ಟಳು. ಅವರು ನಿಧಾನವಾಗಿ ಓದಿದರು, ನನ್ನನ್ನು ನೋಡಿದರು, ಮತ್ತೆ ಚೀಟಿ ನೋಡಿದರು. ಬಾಯಲ್ಲಿ ಹತ್ತಿ ಇದ್ದುದರಿಂದ ಏನೂ ಹೇಳಲಾಗಲಿಲ್ಲ. ಅಂಗಡಿಯವರೆಗೆ ಜೊತೆಗೆ ನಡೆದು ಬಿಟ್ಟು ಬಂದೆ.

ಮರುದಿನ ಮಧ್ಯಾಹ್ನ ಫೋನ್ ಮಾಡಿ ವಿಚಾರಿಸಿದೆ. ರಕ್ತ ನಿಂತಿದೆ, ನೋವೂ ಇಲ್ಲ ಎಂದರು. ಗಾಳಿ ಹೋಗುವ ಜಾಗ ಹೊಸದಾದ್ದರಿಂದ ಕೆಲವು ಅಕ್ಷರ ಸರಿಯಾಗಿ ಬರುತ್ತಿರಲಿಲ್ಲ. ಚೀಟಿಯಲ್ಲಿದ್ದ ಹಾಗೆ ನಡೆದುಕೊಂಡಿರಾ ಎಂದು ಕೇಳಿದೆ.

“ಮೂರ್ ಊಟ ಆಯ್ತು ಮೇಡಂ, ಒಂದ್ ಸಲಾನೂ ಮುಕ್ಕಳಿಸ್ಲಿಲ್ಲ. ನೀರು ಕುಡ್ದು ಹಾಗೇ ನುಂಗ್ದೆ. ಮೊದಲ್ನೇ ಸಲ ಒಂಥರಾ ಆಯ್ತು, ಆಮೇಲೆ ಏನಿಲ್ಲ.” ಮೆಷಿನ್ನಿನ ಸದ್ದು ನಿಂತಿತು. “ಜೆಲ್ ಹಾಕಿದ್ ದಿನಾನೇ ಹೇಳಿದ್ರೆ ಏಳ್ ದಿನ ಹೀಗೇ ಇರ್ತಿದ್ದೆ. ಏಳಲ್ಲ, ಒಂದ್ ತಿಂಗಳು ಬೇಕಾದ್ರೂ ಇರ್ತಿದ್ದೆ ಮೇಡಂ.”